ಸದ್ದು ಮಾಡದ ಕ್ಯಾಮೆರಾ

ಹದಿನಾರು ವರ್ಷ ಅವಳು ಒಂದೇ ಲೆನ್ಸನ್ನು ಹೊತ್ತು ತಿರುಗಿದ್ದಳು. ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವುದು ಅವಳ ಕೆಲಸ. ವಾರಕ್ಕೆ ಆರು ದಿನ ಊರಿನವರ ಮೂಳೆಗಳ ಚಿತ್ರ, ಏಳನೆಯ ದಿನ ಹಕ್ಕಿಗಳದ್ದು. ಜೊತೆಯಲ್ಲಿ ಕೆಲಸ ಮಾಡುವವರು ಅವಳನ್ನು ಹಕ್ಕಿಯಮ್ಮ ಎಂದೇ ಕರೆಯುತ್ತಿದ್ದರು. ಆ ಲೆನ್ಸು ಅವಳ ಮೊಣಕೈಯಿಂದ ಬೆರಳ ತುದಿಯವರೆಗೆ ಉದ್ದವಿತ್ತು. ಕ್ಯಾಮೆರಾ ಸೇರಿಸಿ ಎತ್ತಿದರೆ ಐದಾರು ತಿಂಗಳ ಮಗುವಿನ ಭಾರ. ಮಗುವನ್ನು ಎತ್ತಿಕೊಂಡ ಹಾಗೇ ಎತ್ತಿಕೊಳ್ಳುತ್ತಾಳೆ ಎಂದು ಅತ್ತೆ ನಗುತ್ತಿದ್ದರು. ಗಂಡಸಿಗೂ ಸವತಿ ಇರುತ್ತಾಳೆ ಎನ್ನುವುದು ತನಗೆ ಈ ಲೆನ್ಸಿನಿಂದಲೇ ಗೊತ್ತಾದದ್ದು ಎಂದು ಗಂಡ ಬಂದವರ ಮುಂದೆಲ್ಲ ಹೇಳುತ್ತಿದ್ದ.

ಆ ವರ್ಷ ಬಲ ಹೆಗಲು ಕೈಕೊಟ್ಟಿತು. ತಲೆ ಬಾಚಲು ತೋಳು ಮೇಲೇಳುತ್ತಿರಲಿಲ್ಲ. ಮೂಳೆ ಡಾಕ್ಟರು ಅವಳದೇ ಹೆಗಲಿನ ಚಿತ್ರವನ್ನು ಬೆಳಕಿಗೆ ಹಿಡಿದು ನೋಡಿ, ಒಂದೋ ಲೆನ್ಸ್ ಬಿಡಿ, ಇಲ್ಲವೇ ತೋಳಿನ ಆಸೆ ಬಿಡಿ ಎಂದುಬಿಟ್ಟರು.

ಅವಳು ಎರಡು ತಿಂಗಳು ಯೋಚಿಸಿದಳು. ಹಕ್ಕಿ ಚಿತ್ರ ತೆಗೆಯುವವರಿಗೆ ಕ್ಯಾಮೆರಾ ಬದಲಾಯಿಸುವುದೆಂದರೆ ಚಪ್ಪಲಿ ಬದಲಾಯಿಸಿದಂತಲ್ಲ. ಒಂದು ಕಂಪನಿಯ ಲೆನ್ಸು ಇನ್ನೊಂದಕ್ಕೆ ಕೂರುವುದಿಲ್ಲ. ಬದಲಾಯಿಸಿದರೆ ಇಡೀ ಸಂಸಾರವನ್ನೇ ಬದಲಾಯಿಸಬೇಕು. ಕಡೆಗೆ ಅಂಗಡಿಗೆ ಹೋಗಿ, ಒಳಗೆ ಕನ್ನಡಿಯಿಲ್ಲದ ಹೊಸ ಬಗೆಯ ಹಗುರವಾದ ಕ್ಯಾಮೆರಾ ಮತ್ತು ಅದಕ್ಕೆ ತಕ್ಕ ಲೆನ್ಸು ಕೊಂಡಳು. ಅಂಗಡಿಯವನು ಅದನ್ನು ಅವಳ ಫೋನಿಗೆ ಜೋಡಿಸಿಕೊಟ್ಟ. ಗಡಿಯಾರದ ಸಮಯ ತಾನಾಗಿಯೇ ಸರಿಹೋಗುತ್ತದೆ, ಚಿತ್ರಗಳು ಫೋನಿಗೆ ತಾವಾಗಿಯೇ ಬರುತ್ತವೆ ಎಂದ. ಫೋನು ಒಂದರ ಮೇಲೊಂದು ಏನೇನೋ ಕೇಳಿತು. ಅವಳು ಓದದೆ ಒಪ್ಪಿಗೆ, ಒಪ್ಪಿಗೆ ಎಂದು ಒತ್ತುತ್ತಾ ಹೋದಳು.

ಮೊದಲ ದಿನಗಳಲ್ಲಿ ಕೈ ಸುಮ್ಮನೆ ತಡವರಿಸುತ್ತಿತ್ತು. ಹದಿನಾರು ವರ್ಷ ಹೆಬ್ಬೆರಳು ಹೋಗಿ ಕೂರುತ್ತಿದ್ದ ಜಾಗದಲ್ಲಿ ಈಗ ಬೇರೆ ಗುಂಡಿ ಇತ್ತು. ಫೋಕಸ್ ಬಳೆ ಉಲ್ಟಾ ತಿರುಗುತ್ತಿತ್ತು. ಕಣ್ಣಿಟ್ಟು ನೋಡಿದರೆ ಹಕ್ಕಿಯ ಬದಲು ಹಕ್ಕಿಯ ಟಿವಿ ನೋಡಿದ ಹಾಗಿತ್ತು. ಆದರೆ ಆ ಕ್ಯಾಮೆರಾ ಕಣ್ಣು ಹುಡುಕುತ್ತಿತ್ತು. ಎಲೆಗಳ ನಡುವೆ ಎಲ್ಲೇ ಒಂದು ಕಣ್ಣಿರಲಿ, ಸಣ್ಣದೊಂದು ಹಸಿರು ಚೌಕ ಹೋಗಿ ಅದರ ಮೇಲೆ ಕೂತು, ಹಕ್ಕಿ ಎತ್ತ ತಿರುಗಿದರೂ ಬಿಡದೆ ಹಿಂಬಾಲಿಸುತ್ತಿತ್ತು. ಜೊತೆಗೆ ಅದು ಸದ್ದೇ ಮಾಡುತ್ತಿರಲಿಲ್ಲ. ಹಳೆಯದು ಟಕಟಕನೆ ಬಡಿದುಕೊಳ್ಳುತ್ತಿತ್ತು; ಮೊದಲ ಸದ್ದಿಗೇ ಹಕ್ಕಿ ತಲೆ ಎತ್ತಿ, ಓ ನೀನಾ ಎನ್ನುವಂತೆ ಅವಳನ್ನು ನೋಡುತ್ತಿತ್ತು. ಈಗ ಯಾವ ಹಕ್ಕಿಯೂ ನೋಡಲಿಲ್ಲ. ಯಾರದೋ ಮನೆಯ ಕಿಟಕಿಯಲ್ಲಿ ಇಣುಕಿದಂತೆ ಅವಳಿಗೆ ಒಂದು ಬಗೆಯ ಸಂಕೋಚವಾಯಿತು. ಗಂಡನಿಗೆ ಹೇಳಿದಳು. ಅವನು ಲಿಫ್ಟ್ ಮೆಕ್ಯಾನಿಕ್. ಸದ್ದು ಮಾಡದ ಯಂತ್ರ ಕಂಡರೆ ತನಗೂ ಹೆದರಿಕೆ, ಕೆಡುವ ಮುಂಚೆ ಅದು ಹೇಳುವುದಿಲ್ಲ ಎಂದ.

ಅವಳು ಪ್ರತಿ ವಾರ ಹೋಗುತ್ತಿದ್ದದ್ದು ಊರಾಚೆಯ ಹಳೆಯ ಕಲ್ಲು ಕ್ವಾರಿಗೆ. ಕ್ವಾರಿ ಮುಚ್ಚಿ ಹನ್ನೆರಡು ವರ್ಷವಾಗಿತ್ತು. ತಳದಲ್ಲಿ ಹಸಿರು ನೀರು ನಿಂತಿತ್ತು; ಮೂರು ಕಡೆ ಕತ್ತರಿಸಿದ ಬಂಡೆಯ ಗೋಡೆ. ನಡುವಿನ ಗೋಡೆಯ ಒಂದು ಚಾಚಿನ ಮೇಲೆ ಒಂದು ಜೋಡಿ ಡೇಗೆಗಳು ಗೂಡು ಮಾಡುತ್ತಿದ್ದವು. ಡೇಗೆ ಹದ್ದಿನಷ್ಟು ದೊಡ್ಡದಲ್ಲ, ಆದರೆ ಮೇಲಿನಿಂದ ಎರಗಿತೆಂದರೆ ಅದರ ವೇಗಕ್ಕೆ ಸಾಟಿಯಾದ ಪ್ರಾಣಿ ಇನ್ನೊಂದಿಲ್ಲ. ಹಕ್ಕಿ ಸಾಕಿ ಅದಕ್ಕೆ ಬೇಟೆ ಕಲಿಸುವ ಹವ್ಯಾಸದ ದೊಡ್ಡ ಮನುಷ್ಯರಿಗೆ ಅದರ ಮರಿ ಬೇಕು. ಎಲ್ಲೋ ಯಾರೋ ಕದಿಯುತ್ತಾರೆ, ಎಲ್ಲೋ ಯಾರೋ ಕೊಳ್ಳುತ್ತಾರೆ ಎಂದು ಅವಳೂ ಕೇಳಿದ್ದಳು.

ಕ್ವಾರಿಗೊಬ್ಬ ಕಾವಲುಗಾರನಿದ್ದ. ಅರವತ್ತು ದಾಟಿದವನು, ಒಂಟಿ, ಮಾತು ಕಡಿಮೆ. ಗೇಟಿನ ಪಕ್ಕದ ತಗಡಿನ ಶೆಡ್ಡಿನಲ್ಲಿ ಅವನೂ ಅವನ ನಾಯಿಯೂ ಇದ್ದರು. ಆರು ವರ್ಷದ ಹಿಂದೆ ಮೊದಲ ಸಲ ಹೋದಾಗ ಕೋಲು ಹಿಡಿದು ಅವಳನ್ನು ಓಡಿಸಿದ್ದ. ಮೂರನೆಯ ಸಲ ಹೋದಾಗ, ಹಿಂದೆ ಲಾರಿಗಳ ತೂಕ ನೋಡುತ್ತಿದ್ದ ಕೋಣೆಯ ಬೀಗ ತೆಗೆದು, ಇದರ ಕಿಟಕಿಯಿಂದ ನೋಡಿ, ಹೊರಗೆ ನಿಂತರೆ ತಾಯಿ ಗೂಡಿಗೆ ಬರುವುದಿಲ್ಲ ಎಂದಿದ್ದ. ಕೇಳಿಕೊಂಡದ್ದು ಒಂದೇ ಮಾತು: ಜಾಗ ಯಾರಿಗೂ ಹೇಳಬಾರದು. ಅವಳು ಹೇಳಿರಲಿಲ್ಲ. ಹಕ್ಕಿ ಬಳಗದಲ್ಲಿ ಎಷ್ಟು ಪೀಡಿಸಿದರೂ, ಬಂಡೆ ಎಂದರೆ ಬಂಡೆ, ಅಷ್ಟೇ ಎನ್ನುತ್ತಿದ್ದಳು. ಕಾವಲುಗಾರನನ್ನು ಅವಳು ಅಣ್ಣಾ ಎನ್ನುತ್ತಿದ್ದಳು. ಅವನು ಮಾತ್ರ ಕೊನೆಯವರೆಗೂ ಮೇಡಂ ಎಂದೇ ಕರೆದ.

ಹೊಸದು ಕೈಗೆ ಹತ್ತುತ್ತಿದ್ದಂತೆ ಹಳೆಯದನ್ನು ಮಾರಾಟಕ್ಕಿಟ್ಟಳು. ಹಳೆಯ ಲೆನ್ಸಿನಲ್ಲಿ ತೆಗೆದ ನಾಲ್ಕು ಚಿತ್ರಗಳನ್ನು ಜಾಹೀರಾತಿನ ಜೊತೆ ಹಾಕಿದಳು. ಅದರಲ್ಲೊಂದು ಹಿಂದಿನ ವರ್ಷದ ಡೇಗೆ ಮರಿಯದು. ಮರುದಿನವೇ ಒಬ್ಬ ಫೋನ್ ಮಾಡಿದ. ಭಾನುವಾರ ಮಧ್ಯಾಹ್ನ ಮನೆಗೇ ಬಂದ.

ನಲವತ್ತರ ಆಸುಪಾಸಿನವನು, ಇಸ್ತ್ರಿ ಮಾಡಿದ ಅಂಗಿ, ಮೆದು ಮಾತು. ಚಪ್ಪಲಿಯನ್ನು ಬಾಗಿಲಾಚೆ ಜೋಡಿಸಿಟ್ಟು ಬಂದ. ಅತ್ತೆಯ ಮಂಡಿ ನೋವು ವಿಚಾರಿಸಿಕೊಂಡ. ಹಗಲೆಲ್ಲ ಒಬ್ಬರೇ ಇರುತ್ತೀರಾ, ಬೇಜಾರಾಗಲ್ವಾ ಎಂದು ಕೇಳಿದ. ಎಷ್ಟು ಮರ್ಯಾದಸ್ಥ ಎಂದು ಅತ್ತೆ ಆಮೇಲೆ ಮೂರು ಸಲ ಹೇಳಿದರು. ಆದರೆ ಒಂದು ವಿಷಯ ಅವಳಿಗೆ ಆಗಲೇ ವಿಚಿತ್ರವೆನಿಸಿತ್ತು. ಹಳೆಯ ಲೆನ್ಸು ಕೊಳ್ಳುವವರು ಮೊದಲು ಅದರೊಳಗೆ ಟಾರ್ಚ್ ಬಿಟ್ಟು, ಗಾಜಿಗೆ ಬೂಷ್ಟು ಹಿಡಿದಿದೆಯೇ ಎಂದು ನೋಡುತ್ತಾರೆ. ಈತ ಲೆನ್ಸಿನ ಮುಚ್ಚಳವನ್ನೂ ತೆಗೆಯಲಿಲ್ಲ. ಎದ್ದು ಹೋಗಿ ಗೋಡೆಯ ಮೇಲಿದ್ದ ಡೇಗೆಯ ಚಿತ್ರದ ಮುಂದೆ ನಿಂತ. ಕೈಗಳನ್ನು ಹಿಂದೆ ಕಟ್ಟಿಕೊಂಡು ಬಹಳ ಹೊತ್ತು ನೋಡಿದ. ಈ ವರ್ಷವೂ ಮರಿ ಆಗಿವೆಯೇ ಎಂದು ಕೇಳಿದ. ಮೂರು ಎಂದಳು. ಎಷ್ಟು ದಿನದವು ಎಂದ. ಹತ್ತು ಹನ್ನೆರಡು ಇರಬಹುದು ಎಂದಳು. ಜಾಗ ಎಲ್ಲಿ ಎಂದು ಮಾತ್ರ ಕೇಳಲೇ ಇಲ್ಲ. ಕೇಳಿದ್ದರೆ ಅವಳು ಎಚ್ಚರವಾಗುತ್ತಿದ್ದಳು.

ಹೇಳಿದ ಬೆಲೆಗೆ ಚೌಕಾಸಿ ಮಾಡದೆ ಒಪ್ಪಿದ. ಹೊರಡುವಾಗ, ತಾನೂ ಮುಂದೆ ಹೊಸ ಬಗೆಯ ಕ್ಯಾಮೆರಾಕ್ಕೆ ಬದಲಾಯಿಸುವ ಯೋಚನೆಯಲ್ಲಿದ್ದೇನೆ, ಅದರಲ್ಲಿ ಹೇಗೆ ಬರುತ್ತದೆ ನೋಡಬೇಕಿತ್ತು ಎಂದ.

“ಒಂದೇ ಒಂದು ಚಿತ್ರ ಕಳಿಸಿ ಮೇಡಂ. ಕುಗ್ಗಿಸಬೇಡಿ, ಕ್ಯಾಮೆರಾದಿಂದ ಹೇಗೆ ಬಂತೋ ಹಾಗೇ ಕಳಿಸಿ.”

ಹದಿನಾರು ವರ್ಷದಲ್ಲಿ ಅವಳ ಚಿತ್ರವನ್ನು ಯಾರೂ ಅಷ್ಟು ಹೊತ್ತು ನಿಂತು ನೋಡಿರಲಿಲ್ಲ. ತಾಯಿ ಡೇಗೆ ಮೂರು ಮರಿಗಳಿಗೆ ಗುಟುಕು ಕೊಡುತ್ತಿದ್ದ ಚಿತ್ರವನ್ನು ಅವನು ಮೆಟ್ಟಿಲಿಳಿಯುವ ಮುಂಚೆಯೇ ಕಳಿಸಿದಳು.

ಮುಂದಿನ ಭಾನುವಾರ ಕ್ವಾರಿಯಲ್ಲಿ ಏನೋ ಸರಿಯಿರಲಿಲ್ಲ. ಏನೆಂದು ಅವಳಿಗೆ ತಿಳಿಯಲಿಲ್ಲ. ಮರಿಗಳು ಬೆಳ್ಳನೆಯ ತುಪ್ಪಳ ಕಳಚಿ, ರೆಕ್ಕೆಯ ಅಂಚಿನಲ್ಲಿ ಕಂದು ಗರಿ ತೋರಿಸುತ್ತಿದ್ದವು. ಆದರೆ ತಾಯಿ ಗೂಡಿನಲ್ಲಿ ಕೂರದೆ ಎದುರು ಗೋಡೆಯ ಮೇಲೆ ಕೂತು, ತಲೆ ಓರೆ ಮಾಡಿ ಮೇಲಕ್ಕೇ ನೋಡುತ್ತಿತ್ತು. ಆಗಾಗ ಒರಟಾಗಿ ಕೂಗುತ್ತಿತ್ತು. ಗೂಡಿನ ಮೇಲೆ ಬಂಡೆಯ ಅಂಚು, ಅದರಾಚೆ ಕುರುಚಲು, ಆಮೇಲೆ ಆಕಾಶ. ಬೇರೇನೂ ಇರಲಿಲ್ಲ. ಅವಳು ಇನ್ನೂರು ಮುನ್ನೂರು ಚಿತ್ರ ತೆಗೆದು ವಾಪಸಾದಳು.

ಸಂಜೆ ಕಂಪ್ಯೂಟರಿನಲ್ಲಿ ಚಿತ್ರಗಳನ್ನು ದೊಡ್ಡದು ಮಾಡಿ ನೋಡುವಾಗ ಗಂಡ ಬೆನ್ನ ಹಿಂದೆ ಟವೆಲಿನಲ್ಲಿ ಕೈ ಒರೆಸುತ್ತಾ ನಿಂತಿದ್ದ. ಸ್ವಲ್ಪ ಮೇಲಕ್ಕೆ ಸರಿಸು ಎಂದ. ಗೂಡಿನಿಂದ ಎರಡಾಳೆತ್ತರದಲ್ಲಿ, ಬಂಡೆಯ ಅಂಚಿನ ಕೆಳಗೆ, ಎರಡು ಹೊಳೆಯುವ ಚುಕ್ಕೆಗಳಿದ್ದವು. ನೀರಿನ ಪಸೆ ಇರಬೇಕು ಎಂದುಕೊಂಡು ಅವಳು ಅದನ್ನು ದಾಟಿ ಹೋಗಿದ್ದಳು. ಗಂಡ ಕುರ್ಚಿ ಎಳೆದುಕೊಂಡು ಕೂತ.

“ಪಸೆ ಅಲ್ಲ ಕಣೇ. ಬೋಲ್ಟು. ದಿನಾ ಗೋಡೆಗೆ ಹೊಡೆಯೋನು ನಾನು, ನನಗೆ ಗೊತ್ತಾಗಲ್ವಾ? ಕೊರೆದು ಕೂರಿಸಿದ್ದಾರೆ. ಹಗ್ಗ ಕಟ್ಟಿ ಇಳಿಯೋದಕ್ಕೆ.”

ಹಿಂದಿನ ವಾರದ ಚಿತ್ರಗಳನ್ನು ತೆರೆದರು. ಅದೇ ಬಂಡೆ, ಅದೇ ಬಿರುಕು. ಬೋಲ್ಟು ಇರಲಿಲ್ಲ.

ಮರಿಗಳು ಮೂರು ವಾರ ತುಂಬುವುದನ್ನು ಯಾರೋ ಕಾಯುತ್ತಿದ್ದರು. ತೀರ ಚಿಕ್ಕವಾದರೆ ಸಾಯುತ್ತವೆ, ದೊಡ್ಡವಾದರೆ ಹಾರುತ್ತವೆ. ಇನ್ನು ಎರಡೋ ಮೂರೋ ದಿನ. ಯಾರಿಗೆ ಹೇಳಿದ್ದೆ ಎಂದು ಗಂಡ ಕೇಳಿದ. ಯಾರಿಗೂ ಇಲ್ಲ ಎಂದು ಆಣೆ ಇಟ್ಟಳು. ಹಾಗಾದರೆ ಜಾಗ ಗೊತ್ತಿರುವವನು ಇನ್ನೊಬ್ಬನೇ ಎಂದ ಅವನು.

ಸೋಮವಾರ ಬೆಳಗಿನ ಪಾಳಿ ಮುಗಿಸಿ ಅವಳು ಅರಣ್ಯ ಇಲಾಖೆಯ ಕಚೇರಿಗೆ ಫೋನ್ ಮಾಡಿದಳು. ಗುಮಾಸ್ತ, ಜಾಗದ ಪೂರ್ತಿ ವಿವರ ಬರೆದು ಅರ್ಜಿ ಕೊಡಿ, ನಾಲ್ಕು ಜನರಿಗೆ ಹೋಗಿ ಸಾಹೇಬರ ಮೇಜಿಗೆ ಬರುತ್ತದೆ ಎಂದ. ನಾಲ್ಕು ಜನ ಎಂಬ ಮಾತಿಗೆ ಅವಳ ಕೈ ಹಿಂದೆಗೆಯಿತು. ಸ್ಕೂಟರ್ ಹತ್ತಿ ಕ್ವಾರಿಗೆ ಹೋದಳು.

ಕಾವಲುಗಾರ ಶೆಡ್ಡಿನ ಮುಂದೆ ಕೂತು ಬಕೆಟ್ಟಿನ ತೂತಿಗೆ ಟಾರು ಮೆತ್ತುತ್ತಿದ್ದ. ಬೋಲ್ಟಿನ ಚಿತ್ರ ತೋರಿಸಿದಳು. ಅವನು ಕನ್ನಡಕ ಹಾಕಿಕೊಂಡು ನೋಡಿದ. ಮೇಲಿನ ಅಂಚಿಗೆ ಆಚೆ ಊರಿನ ಕಡೆಯಿಂದ ಬರಬಹುದು, ಹಗಲು ಬಂದಿದ್ದರೆ ತನಗೆ ಕಾಣುತ್ತಿತ್ತು ಎಂದ. ಅವಳಿಗೆ ಬಂದದ್ದು ಹೆದರಿಕೆಯೋ ಸಿಟ್ಟೋ, ಬಾಯಿ ತಪ್ಪಿ ಮಾತು ಹೊರಬಿತ್ತು.

“ಅಣ್ಣಾ, ನಾನಂತೂ ಯಾರಿಗೂ ಹೇಳಿಲ್ಲ. ನೀವು ಯಾರ ಹತ್ರನಾದ್ರೂ ಬಾಯಿ ಬಿಟ್ರಾ? ಯಾರಾದ್ರೂ ಏನಾದ್ರೂ ಕೊಟ್ರಾ?”

ಅವನು ಕೈಯ ಟಾರನ್ನು ಕಲ್ಲಿಗೆ ಒರೆಸಿದ. ಬಹಳ ಹೊತ್ತು ಒರೆಸಿದ.

“ಹನ್ನೆರಡು ವರ್ಷದಿಂದ ಅವು ಇಲ್ಲಿವೆ ಮೇಡಂ. ನೀವು ಬಂದು ಆರು ವರ್ಷ.” ಅಷ್ಟು ಹೇಳಿ ಎದ್ದು ಒಳಗೆ ಹೋದ. ಬಾಗಿಲು ಹಾಕಿಕೊಳ್ಳಲಿಲ್ಲ, ಹೊರಗೂ ಬರಲಿಲ್ಲ. ನಾಯಿ ಅವಳನ್ನು ಗೇಟಿನವರೆಗೆ ಕಳಿಸಿ ಬಂತು.

ಸಂಜೆ ಮನೆಯಲ್ಲಿ ಅತ್ತೆ ತಮ್ಮ ಚಿತ್ರ ನೋಡಬೇಕೆಂದರು. ಹೊಸ ಕ್ಯಾಮೆರಾ ತಂದ ದಿನ ಬಾಲ್ಕನಿಯಲ್ಲಿ ಬಟ್ಟೆ ಒಣಗಿಸುತ್ತಿದ್ದ ಅತ್ತೆಯ ಒಂದು ಚಿತ್ರ ತೆಗೆದಿದ್ದಳು. ಫೋನಿನಲ್ಲಿ ಅದನ್ನು ತೆರೆದು ಕೊಟ್ಟಳು. ಅತ್ತೆ ದೊಡ್ಡದು ಮಾಡಲು ಹೋಗಿ ಬೆರಳನ್ನು ಮೇಲಕ್ಕೆ ಎಳೆದರು. ಚಿತ್ರ ಸರಿದು ಕೆಳಗೊಂದು ನಕ್ಷೆ ಬಂತು. ಇದೇನೇ, ನಮ್ಮ ಬೀದಿ ತೋರಿಸ್ತಿದೆ ಎಂದರು.

ಅವಳು ಫೋನು ಕಿತ್ತುಕೊಂಡಳು. ನಕ್ಷೆಯ ಮೇಲೆ ಅವರ ಬೀದಿ, ಬೀದಿಯಲ್ಲಿ ಅವರ ಕಟ್ಟಡ, ಕಟ್ಟಡದ ಬಾಲ್ಕನಿಯ ಮೂಲೆಯಲ್ಲಿ ಒಂದು ಕೆಂಪು ಗುರುತು. ಡೇಗೆಯ ಚಿತ್ರ ತೆರೆದು ಬೆರಳೆಳೆದಳು. ಹಸಿರು ನೀರು, ಗೇಟು, ತೂಕದ ಕೋಣೆ. ಕೆಂಪು ಗುರುತು ಕಿಟಕಿಯ ಮೇಲೆಯೇ ಕೂತಿತ್ತು. ಹಳೆಯ ಕ್ಯಾಮೆರಾಕ್ಕೆ ತಾನೆಲ್ಲಿದ್ದೇನೆ ಎಂಬುದೇ ಗೊತ್ತಿರಲಿಲ್ಲ. ಹೊಸದಕ್ಕೆ ಅವಳ ಫೋನು ಪ್ರತಿ ಚಿತ್ರಕ್ಕೂ ಹೇಳಿಕೊಡುತ್ತಿತ್ತು. ಅವಳೇ ಒಪ್ಪಿಗೆ ಒತ್ತಿದ್ದಳು.

ಕುಗ್ಗಿಸಬೇಡಿ, ಹೇಗೆ ಬಂತೋ ಹಾಗೇ ಕಳಿಸಿ.

ಕಾವಲುಗಾರನಿಗೆ ನಾಲ್ಕು ಸಲ ಫೋನ್ ಮಾಡಿದಳು. ಅವನು ಎತ್ತಲಿಲ್ಲ. ಮುನಿಸಿಕೊಂಡಿದ್ದಾನೆ, ಅದಕ್ಕೆ ಹಕ್ಕೂ ಇದೆ ಎಂದುಕೊಂಡಳು. ಬೆಳಗಾಗುತ್ತಲೇ ಹೋಗಿ ಕಾಲು ಹಿಡಿದಾದರೂ ಹೇಳುತ್ತೇನೆ ಎಂದು ಗಂಡನಿಗೆ ಹೇಳಿದಳು. ಅವನಿಗೆ ಮುಂಜಾನೆಯೇ ಡ್ಯೂಟಿ ಇತ್ತು. ಒಬ್ಬಳೇ ಹೋಗಬೇಡ ಎಂದ. ಅವಳು ಹ್ಞೂಂ ಎಂದಳು.

ಮಂಗಳವಾರ ಬೆಳಗ್ಗೆ ಆರೂವರೆಗೆ ಅವಳು ಕ್ವಾರಿಯ ಗೇಟಿನ ಹೊರಗೆ ಸ್ಕೂಟರ್ ನಿಲ್ಲಿಸಿದಳು. ಗೇಟಿಗೆ ಬೀಗವಿರಲಿಲ್ಲ. ಶೆಡ್ಡಿನ ಬಾಗಿಲು ತೆರೆದಿತ್ತು, ಒಲೆಯ ಮೇಲಿನ ಪಾತ್ರೆ ಇನ್ನೂ ಬೆಚ್ಚಗಿತ್ತು. ನಾಯಿ ಹೊಸ್ತಿಲ ಹತ್ತಿರ ಮಲಗಿತ್ತು. ಅವಳು ಕರೆದರೆ ಏಳಲಿಲ್ಲ. ಹೊಟ್ಟೆ ಮಾತ್ರ ನಿಧಾನವಾಗಿ ಏರಿ ಇಳಿಯುತ್ತಿತ್ತು. ಬಾಯಿಯ ಹತ್ತಿರ ಅರ್ಧ ತಿಂದ ಮಾಂಸದ ತುಂಡು ಬಿದ್ದಿತ್ತು. ಅಣ್ಣಾ ಎಂದು ಕೂಗಲು ಬಾಯಿ ತೆರೆದವಳು ಕೂಗಲಿಲ್ಲ.

ಬಗ್ಗಿಕೊಂಡು ತೂಕದ ಕೋಣೆಗೆ ಹೋಗಿ ಕಿಟಕಿಯ ಸಂದಿನಿಂದ ನೋಡಿದಳು. ಬಂಡೆಯ ಅಂಚಿನಲ್ಲಿ ಒಬ್ಬ ಮೊಣಕಾಲೂರಿ ಕೂತಿದ್ದ. ಅವನ ಕೆಳಗೆ ಕಿತ್ತಳೆ ಬಣ್ಣದ ಹಗ್ಗ. ಹಗ್ಗದಲ್ಲಿ ಇನ್ನೊಬ್ಬ, ಕಾಲುಗಳನ್ನು ಬಂಡೆಗೆ ಒತ್ತಿ, ಅವಸರವಿಲ್ಲದೆ, ಮನೆಯ ಮೆಟ್ಟಿಲು ಇಳಿಯುವವನಂತೆ ಇಳಿಯುತ್ತಿದ್ದ. ತಾಯಿ ಡೇಗೆ ಮತ್ತೆ ಮತ್ತೆ ಎರಗುತ್ತಿತ್ತು. ಅವನ ಹೆಲ್ಮೆಟ್ಟಿಗೆ ಉಗುರು ತಾಗಿದ ಸದ್ದು ಅವಳಿಗೆ ಅಷ್ಟು ದೂರಕ್ಕೂ ಕೇಳಿಸಿತು.

ಗಂಡನಿಗೆ ಫೋನ್ ಹಚ್ಚಿದಳು. ಅವನು ಯಾವುದೋ ಲಿಫ್ಟಿನ ತಳದ ಹಳ್ಳಕ್ಕೆ ಇಳಿದಿರಬೇಕು, ಎತ್ತಲಿಲ್ಲ. ಪೊಲೀಸರ ತುರ್ತು ನಂಬರಿಗೆ ಮಾಡಿ ಪಿಸುಗುಟ್ಟಿದಳು. ಆ ಕಡೆಯ ಹೆಂಗಸು ವಿಳಾಸ ಕೇಳಿದಳು. ಕ್ವಾರಿಗೆ ವಿಳಾಸವಿಲ್ಲ ಎಂದಳು. ಹಾಗಾದರೆ ಲೊಕೇಶನ್ ಕಳಿಸಿ ಎಂದು ಆ ಹೆಂಗಸು ಹೇಳಿದಳು. ಅವಳು ಅದೇ ಕೆಂಪು ಗುರುತನ್ನು ಕಳಿಸಿದಳು. ಆಮೇಲೆ ಕ್ಯಾಮೆರಾ ಎತ್ತಿದಳು.

ಹಸಿರು ಚೌಕ ಹಕ್ಕಿಯ ಕಣ್ಣು ಬಿಟ್ಟು ಮನುಷ್ಯನ ಮುಖಕ್ಕೆ ಹೋಗಿ ಕೂತಿತು. ಅದೇ ಮೆದು ಮಾತಿನವನು. ಗೂಡಿನ ಚಾಚಿನ ಮೇಲೆ ಮಂಡಿಯೂರಿ, ಒಂದೊಂದೇ ಮರಿಯನ್ನು ರೆಕ್ಕೆ ಮಡಿಸಿ, ಹೆಂಗಸಿನ ಕಾಲುಚೀಲದಂಥ ತೆಳು ಬಟ್ಟೆಯೊಳಗೆ ತೂರಿಸಿ, ಎದೆಗೆ ಕಟ್ಟಿದ ಪೆಟ್ಟಿಗೆಗೆ ಇಳಿಸುತ್ತಿದ್ದ. ಅವನ ಕೈ ಬಹಳ ನಾಜೂಕಾಗಿತ್ತು. ಒಂದು, ಎರಡು, ಮೂರು. ಅವಳು ಬೆರಳು ಒತ್ತಿ ಹಿಡಿದೇ ಇದ್ದಳು. ಕ್ಯಾಮೆರಾ ಉಸಿರೂ ಎತ್ತಲಿಲ್ಲ. ಮೂರನೆಯದನ್ನು ಇಳಿಸಿದ ಮೇಲೆ ಅವನು ತಲೆ ತಿರುಗಿಸಿ, ನೇರವಾಗಿ ಕಿಟಕಿಯ ಕಡೆಗೆ, ಅವಳ ಕಡೆಗೆ ನೋಡಿದ. ಹುಡುಕುವ ನೋಟ ಅಲ್ಲ. ಚಿತ್ರ ತೆಗೆದ ಜಾಗ ಅವನಿಗೆ ಮೊದಲೇ ಗೊತ್ತಿತ್ತು. ಮೇಲಿನವನು ಗೇಟಿನ ಹೊರಗಿನ ಸ್ಕೂಟರನ್ನೂ ನೋಡಿ ಹೇಳಿರಬೇಕು.

ಅವನು ಮೇಲೆ ಹತ್ತಿದ. ಹಗ್ಗ ಎಳೆದುಕೊಂಡರು. ಆಮೇಲೆ ಅವಳ ಜೇಬಿನಲ್ಲಿ ಫೋನು ನಡುಗಿತು.

“ಸದ್ದೇ ಬರಲ್ಲ ಅಲ್ವಾ ಮೇಡಂ? ಒಳ್ಳೇ ಕ್ಯಾಮೆರಾ,” ಎಂದ. ದಣಿದ ಉಸಿರು, ಆದರೆ ಅದೇ ಮರ್ಯಾದೆ. “ಹತ್ತು ನಿಮಿಷ ಅಲ್ಲೇ ಕೂತಿರಿ. ಎದ್ದು ಬರಬೇಡಿ. ಮನೇಲಿ ಅಮ್ಮ ಒಬ್ರೇ ಇರ್ತಾರೆ ಪಾಪ. ಕೇಳ್ದೆ ಅಂತ ಹೇಳಿ.”

ಅವಳು ಕೂತಳು. ಓಡಬಹುದಿತ್ತು, ಕೂಗಬಹುದಿತ್ತು, ಆಚೆ ದಾರಿಯಲ್ಲಿ ಗಾಡಿಯ ನಂಬರ್ ನೋಡಬಹುದಿತ್ತು. ಮುಂದೆ ಇದನ್ನು ಎಷ್ಟೋ ಸಲ ಲೆಕ್ಕ ಹಾಕಿದಳು. ಆದರೆ ಆ ಹತ್ತು ನಿಮಿಷ ಸಿಮೆಂಟು ನೆಲದ ಮೇಲೆ ಮಂಡಿ ಅಪ್ಪಿಕೊಂಡು ಕೂತಿದ್ದಳು. ಹೊರಗೆ ತಾಯಿ ಡೇಗೆ ಕೂಗುತ್ತಲೇ ಇತ್ತು. ಅತ್ತೆಗೆ ಫೋನ್ ಮಾಡಿ ಚಿಲಕ ಹಾಕಿಕೊಳ್ಳಿ ಎಂದಳು. ಯಾಕೆ, ಈಗ ತಾನೆ ಹಾಲಿನವನು ಬಂದು ಹೋದ ಎಂದರು ಅತ್ತೆ.

ಆಗ ಇನ್ನೊಂದು ಸದ್ದು ಕೇಳಿಸಿತು. ಶೆಡ್ಡಿನ ಹಿಂದಿದ್ದ ನೀರಿನ ಪಂಪಿನ ಕೋಣೆಯೊಳಗಿಂದ ಯಾರೋ ತಗಡನ್ನು ಒದೆಯುತ್ತಿದ್ದರು. ಹೊರಗಿನಿಂದ ಚಿಲಕ ಹಾಕಿ ಸಲಾಕೆ ತೂರಿಸಿದ್ದರು. ತೆಗೆದಾಗ ಕಾವಲುಗಾರ ಗೋಡೆಗೊರಗಿ ಕೂತಿದ್ದ. ಕಳ್ಳರು ಬಾಗಿಲು ಎಳೆದುಕೊಳ್ಳುವಾಗ ಅವನು ಕೈ ಅಡ್ಡ ಹಾಕಿದ್ದ. ಎಡಗೈಯ ಮಣಿಕಟ್ಟು ಬೇರೆ ಯಾರದೋ ಕೈಯಂತೆ ತಿರುಗಿತ್ತು.

ಪೊಲೀಸರು ಐವತ್ತು ನಿಮಿಷಕ್ಕೆ ಬಂದರು. ಗಂಡ ಅವರ ಹಿಂದೆಯೇ ಬಂದ. ಚಿತ್ರಗಳನ್ನು ಕೊಡುವುದೋ ಬೇಡವೋ ಎಂಬ ಮಾತು ಜೀಪಿನ ಮರೆಯಲ್ಲಿ ನಡೆಯಿತು. ಅಮ್ಮ ಒಬ್ಬಳೇ ಇರೋ ಮನೆ, ಮುಖ ಕಾಣಲಿಲ್ಲ ಅಂದುಬಿಡು ಎಂದು ಗಂಡ ಬೇಡಿಕೊಂಡ. ಅವನು ಹೇಡಿಯಲ್ಲ, ಅವಳಿಗೆ ಅದು ಗೊತ್ತಿತ್ತು. ಅವಳು ಕ್ಯಾಮೆರಾದೊಳಗಿನ ಕಾರ್ಡು ತೆಗೆದು ಇನ್ಸ್‌ಪೆಕ್ಟರ ಕೈಗಿಟ್ಟಳು. ಇನ್ಸ್‌ಪೆಕ್ಟರಿಗೆ ಖುಷಿಯೋ ಖುಷಿ. ಮುಖ ಇದೆ, ಸಮಯ ಇದೆ, ಜಾಗ ಕೂಡ ಚಿತ್ರದಲ್ಲೇ ದಾಖಲಾಗಿದೆ, ಇಂಥ ಸಾಕ್ಷಿ ತಮ್ಮ ಸರ್ವೀಸಿನಲ್ಲೇ ಕಂಡಿಲ್ಲ ಎಂದರು. ಅವಳು ತಲೆ ಎತ್ತಲಿಲ್ಲ.

ಆಸ್ಪತ್ರೆಯಲ್ಲಿ ಕಾವಲುಗಾರನ ಕೈಯ ಎಕ್ಸ್‌ರೇ ತೆಗೆದದ್ದು ಅವಳೇ. ಕೈಯನ್ನು ಮೇಜಿನ ಮೇಲೆ ಚಪ್ಪಟೆ ಇಡಿಸಿ, ಅದರ ಮೇಲೆ ಬೆಳಕಿನ ಚೌಕ ಬೀಳಿಸಿದಳು. ಅಲುಗಾಡಬೇಡಿ ಅಣ್ಣಾ ಎಂದಳು. ಚಿತ್ರ ತೆಗೆದ ಮೇಲೆ ಹೇಳಿದಳು: ನೀವಲ್ಲ, ನಾನು. ಚಿತ್ರದೊಳಗೆ ಜಾಗ ಇರುತ್ತದೆ ಅಂತ ಗೊತ್ತಿರಲಿಲ್ಲ. ಅವನಿಗೆ ನಾನೇ ಕಳಿಸಿದೆ. ನಿಮ್ಮ ಮೇಲೆ ಹಾಕಿದೆ.

ಅವನು ತನ್ನ ಕೈಯನ್ನೇ ನೋಡುತ್ತಿದ್ದ.

“ಅವನೂ ಹಾಗೇ ಅಂದ. ನಿಮ್ಮ ಮೇಡಮ್ಮೇ ಫೋಟೋ ಕಳಿಸಿದ್ದು ಅಂತ. ಅವರು ಅಂಥವರಲ್ಲ ಅಂದೆ. ಬಾಗಿಲು ಹಾಕೋವರೆಗೂ ಅದನ್ನೇ ಅಂತಿದ್ದೆ.”

ವಾರ್ಡಿನಲ್ಲಿದ್ದ ನಾಲ್ಕು ದಿನ ಅವಳು ತಂದಿಟ್ಟ ಊಟ ಉಂಡ. ಅನ್ನದ ಮೇಲೆ ಸಿಟ್ಟು ತೋರಿಸುವವನಲ್ಲ. ಮೂರನೆಯ ದಿನ ಹೆದ್ದಾರಿಯ ತಪಾಸಣೆಯಲ್ಲಿ ಇಬ್ಬರೂ ಸಿಕ್ಕಿಬಿದ್ದರು. ಹಣ್ಣಿನ ಕ್ರೇಟುಗಳ ಅಡಿಯಲ್ಲಿ ಮೂರು ಬೇರೆ ಬೇರೆ ಗೂಡುಗಳ ಏಳು ಮರಿಗಳಿದ್ದವು. ಅವಳು ವಾರ್ಡಿಗೆ ಹೋಗಿ ಹೇಳಿದಾಗ ಅವನು ಎಷ್ಟು ಉಳಿದವು ಎಂದಷ್ಟೇ ಕೇಳಿದ. ನಮ್ಮವು ಎರಡು ಎಂದಳು. ಅವುಗಳನ್ನು ದೂರದ ಪಕ್ಷಿಧಾಮದಲ್ಲಿ ಸಾಕುತ್ತಿದ್ದರು. ಕ್ವಾರಿಯ ಗೋಡೆಯ ಮೇಲೆ ತಾಯಿ ಒಂಬತ್ತು ದಿನ ಬೇಟೆ ತಂದು ಖಾಲಿ ಗೂಡಿನಲ್ಲಿ ಇಡುತ್ತಿತ್ತಂತೆ. ಹೊರಗಿನವರನ್ನು ಒಳಗೆ ಬಿಟ್ಟಿದ್ದು ಗೊತ್ತಾಗಿ ಮಾಲೀಕರು ಕಾವಲುಗಾರನನ್ನು ಕೆಲಸದಿಂದ ತೆಗೆದರು. ಅವನು ನಾಯಿಯನ್ನು ಕರೆದುಕೊಂಡು ಎಲ್ಲಿಗೋ ಹೋದ. ವಿಳಾಸ ಕೇಳುವ ಮುಖ ಅವಳಿಗಿರಲಿಲ್ಲ.

ಮೆದು ಮಾತಿನವನು ಆರು ವಾರಕ್ಕೆ ಜಾಮೀನಿನ ಮೇಲೆ ಹೊರಬಂದ. ಅಂದಿನಿಂದ ಅವರ ಮನೆಯಲ್ಲಿ ಬಾಲ್ಕನಿಯ ಬಾಗಿಲು ಹಗಲಲ್ಲೂ ಮುಚ್ಚಿರುತ್ತಿತ್ತು. ಗೊತ್ತಿಲ್ಲದ ನಂಬರಿನಿಂದ ಕರೆ ಬಂದರೆ ಮೂವರೂ ಫೋನನ್ನು ನೋಡುತ್ತಾ ನಿಲ್ಲುತ್ತಿದ್ದರು. ಅತ್ತೆಗೆ ವಿಷಯ ಪೂರ್ತಿ ಹೇಳಿರಲಿಲ್ಲ. ಆದರೂ ಅವರು ಬಟ್ಟೆ ಒಣಗಿಸುವುದನ್ನು ಮನೆಯೊಳಗೇ ಮಾಡಿಕೊಂಡರು.

ಎರಡು ಸಲ ಮುಂದಕ್ಕೆ ಹೋದ ಕೇಸು ಮೂರನೆಯ ಸಲ ವಿಚಾರಣೆಗೆ ಬರುವಷ್ಟರಲ್ಲಿ ವರ್ಷ ತಿರುಗಿತ್ತು. ನ್ಯಾಯಾಲಯದ ಉದ್ದನೆಯ ಪಡಸಾಲೆಯಲ್ಲಿ ಅವಳು ಬೆಂಚಿನ ಒಂದು ತುದಿಯಲ್ಲಿದ್ದಳು. ಇನ್ನೊಂದು ತುದಿಯಲ್ಲಿ ಕಾವಲುಗಾರ, ಸೊಟ್ಟಗೆ ಕೂಡಿಕೊಂಡ ಎಡಗೈಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಗಂಡ ಜೊತೆಗೇ ಬಂದಿದ್ದ. ಆದರೆ ಯಾವುದೋ ಕಟ್ಟಡದಲ್ಲಿ ಜನ ಲಿಫ್ಟಿನೊಳಗೆ ಸಿಕ್ಕಿಕೊಂಡಿದ್ದಾರೆ ಎಂದು ಕರೆ ಬಂದು, ಮಧ್ಯಾಹ್ನ ಎದ್ದು ಹೋಗಬೇಕಾಯಿತು. ಅವನು ಹೋದ ಸ್ವಲ್ಪ ಹೊತ್ತಿಗೆ ಮೆದು ಮಾತಿನವನು ವಕೀಲರ ಜೊತೆ ಅವರ ಮುಂದೆ ಹಾದುಹೋದ. ಎರಡು ಹೆಜ್ಜೆ ಹೋಗಿ ಹಿಂದಿರುಗಿ ಬಂದ.

“ವಕೀಲರು ತೋರಿಸಿದ್ರು ಮೇಡಂ. ತುಂಬಾ ಚೆನ್ನಾಗಿ ಬಂದಿದೆ. ನನ್ನ ಕಣ್ಣಿನ ರೆಪ್ಪೆ ಕೂಡ ಎಣಿಸಬಹುದು.”

ಅವಳು ಸಾಕ್ಷಿ ಹೇಳಿದಳು. ಆ ಚಿತ್ರ ಅವನಿಗೆ ಹೇಗೆ ಸಿಕ್ಕಿತು ಎಂದು ಕೇಳಿದಾಗ, ನಾನೇ ಕಳಿಸಿದೆ ಎಂದು ತುಂಬಿದ ಕೋಣೆಯಲ್ಲಿ ಹೇಳಿದಳು. ಕಾವಲುಗಾರನೂ ಸಾಕ್ಷಿ ಹೇಳಿದ. ತೀರ್ಪು ಮುಂದಿನ ತಿಂಗಳು ಎಂದರು.

ಹೊರಗೆ ಬಸ್ ನಿಲ್ದಾಣದಲ್ಲಿ ಬಿಸಿಲಿತ್ತು. ಕಾವಲುಗಾರ ಅವಳಿಂದ ಮೂರು ಮಾರು ದೂರ ನಿಂತಿದ್ದವನು ಸರಿದು ಹತ್ತಿರ ಬಂದ. ಮುಖ ರಸ್ತೆಯ ಕಡೆಗೇ ಇತ್ತು.

“ಆ ಜೋಡಿ ಮತ್ತೆ ಮೊಟ್ಟೆ ಇಟ್ಟಿದೆ,” ಎಂದ. “ಕ್ವಾರೀಲಿ ಅಲ್ಲ. ನಾನು ಈಗ ಇರೋ ಕಡೆಗೆ ಬಂದಿವೆ. ಎಲ್ಲಿ ಅಂತ ಕೇಳಬೇಡಿ ಮೇಡಂ.”

“ಕೇಳಲ್ಲ ಅಣ್ಣಾ.”

ಅವಳಿಗೆ ಅಳು ಬಂತು. ತಡೆದುಕೊಂಡಳು. ಅವನು ಅವಳ ತೋಳಿನ ಹತ್ತಿರ ಕೈ ತಂದು, ಮುಟ್ಟದೆ, ಎದುರಿನ ಫುಟ್‌ಪಾತಿನ ಕಡೆ ಗಲ್ಲ ಎತ್ತಿ ತೋರಿಸಿದ. ಅಲ್ಲಿ ಔಷಧಿ ಅಂಗಡಿಯ ನೆರಳಿನಲ್ಲಿ ಇಸ್ತ್ರಿ ಅಂಗಿಯವನು ಕೈಗಳನ್ನು ಹಿಂದೆ ಕಟ್ಟಿಕೊಂಡು ನಿಂತಿದ್ದ. ಅವರನ್ನೇ ನೋಡುತ್ತಿದ್ದ. ಅವರು ನೋಡಿದ್ದು ಕಂಡು ಮೆಲ್ಲಗೆ ತಲೆ ಬಾಗಿಸಿದ.

ಬಸ್ಸು ಬಂತು. ಕಾವಲುಗಾರ ಹೋಗಬೇಕಾದ ಕಡೆಯದು. ಅವನು ಹತ್ತಲಿಲ್ಲ. ಹತ್ತಿದರೆ ಯಾವ ಕಡೆಗೆ ಹೋಗುವ ಬಸ್ಸು ಎಂದು ಎದುರಿನವನಿಗೆ ಗೊತ್ತಾಗುತ್ತಿತ್ತು. ಇನ್ನೊಂದು ಬಂತು, ಅದನ್ನೂ ಬಿಟ್ಟ. ಅವಳ ಬಸ್ಸೂ ಬಂದು ಹೋಯಿತು. ಅವನನ್ನು ಒಬ್ಬನನ್ನೇ ಬಿಟ್ಟು ಹತ್ತಲು ಅವಳಿಗೆ ಕಾಲು ಬರಲಿಲ್ಲ. ಎದುರಿನವನಿಗೆ ಅವಸರವಿದ್ದಂತೆ ಕಾಣಲಿಲ್ಲ. ಅವರಿಬ್ಬರೂ ಬಿಸಿಲಿನಲ್ಲಿ ಪಕ್ಕಪಕ್ಕದಲ್ಲಿ ನಿಂತೇ ಇದ್ದರು.